ಮಣೆ ಬಿಟ್ಟು ಅಪ್ಪನ ಮುಖ ನೋಡಿದ ಹುಡುಗಿ

ಒಂದೂರು, ಆ ಊರಲ್ಲೊಬ್ಬ ಸಾಹುಕಾರ. ಊರಿನ ಹೆಸರು ಕೇಳಬೇಡಿ, ಸಾಹುಕಾರನ ಹೆಸರನ್ನೂ ಕೇಳಬೇಡಿ. ಹೇಳಿಬಿಟ್ಟರೆ ನೀವೆಲ್ಲ ಅವನ ಕಡೆ ಬೆರಳು ತೋರಿಸಿ ನಿರಾಳವಾಗಿ ಕೂತುಬಿಡ್ತೀರಿ. ನಿಮ್ಮನ್ನ ನಿರಾಳವಾಗಿ ಕೂರಿಸೋಕೆ ನಾನು ಈ ಕತೆ ಹೇಳ್ತಾ ಇಲ್ಲ.

ಸಾಹುಕಾರನಿಗೆ ಒಬ್ಬಳೇ ಮಗಳು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದ ಕೂಸು. ಅವಳ ಕಾಲಿಗೆ ಮುಳ್ಳು ಚುಚ್ಚಿದರೆ ಇವನ ಕಣ್ಣಲ್ಲಿ ನೀರು. ನೋಡಿ, ಮೊದಲೇ ಹೇಳಿಬಿಡ್ತೀನಿ, ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಕೆಟ್ಟವರಿದ್ದಿದ್ದರೆ ನನಗೆ ಹೇಳೋದು ಸುಲಭವಾಗ್ತಿತ್ತು.

ಮಗಳಿಗೆ ಎಂಟು ವರ್ಷ ಆದಾಗ ಯಾವುದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಪಕ್ಕದವರು ಅಂದರಂತೆ, "ಮಕ್ಕಳಿಗೆ ಚದುರಂಗ ಕಲಿಸಿ ಸಾಹುಕಾರ್ರೇ. ಬುದ್ಧಿ ಚುರುಕಾಗುತ್ತೆ, ಲೆಕ್ಕ ಚೆನ್ನಾಗಿ ಬರುತ್ತೆ, ಒಂದು ಕಡೆ ಕೂತು ಯೋಚನೆ ಮಾಡೋದು ಬರುತ್ತೆ." ಒಳ್ಳೇ ಮಾತು, ಸುಳ್ಳೇನಲ್ಲ. ಮಾರನೇ ದಿನವೇ ಬೀಟೆ ಮರದ ಮಣೆ ಬಂತು. ಆನೆ, ಕುದುರೆ, ಒಂಟೆ, ಮಂತ್ರಿ, ಎಲ್ಲ ಬಂದವು. ಕಲಿಸೋಕೆ ನಿವೃತ್ತರಾದ ಒಬ್ಬ ಲೆಕ್ಕದ ಮೇಷ್ಟ್ರೂ ಬಂದರು.

ಮೇಷ್ಟ್ರದ್ದು ಎರಡೇ ನಿಯಮ. ಒಂದು, ಮುಟ್ಟಿದ ಕಾಯಿ ನಡೆಸಲೇಬೇಕು. ಇನ್ನೊಂದು, ಸೋತ ಮೇಲೆ ಕಾಯಿಗಳನ್ನ ಡಬ್ಬಿಗೆ ತುಂಬೋ ಹಾಗಿಲ್ಲ. ಆಟವನ್ನ ಮೊದಲಿಂದ ಮತ್ತೆ ಜೋಡಿಸಬೇಕು, ಎಲ್ಲಿ ತಪ್ಪಿದ್ದು ಅಂತ ಸೋತವರೇ ಹುಡುಕಬೇಕು. ಮೇಷ್ಟ್ರು ಬಾಯಿ ಬಿಡೋದಿಲ್ಲ. ಮಗು ಕೂತು ಕೂತು ನೋಡುತ್ತೆ. ಮೂಗು ಸೊರ್ ಅನ್ನಿಸುತ್ತೆ, ಕಣ್ಣು ಒರೆಸಿಕೊಳ್ಳುತ್ತೆ, ಮತ್ತೆ ನೋಡುತ್ತೆ. ಅರ್ಧ ಗಂಟೆ ಆದರೂ ಮೇಷ್ಟ್ರು ಸುಮ್ಮನೇ!

ಸಾಹುಕಾರ ಇದನ್ನ ಬಾಗಿಲ ಸಂದಿಯಿಂದ ನೋಡಿದ. ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೇ ದಿನ ತಡೀಲಿಕ್ಕಾಗದೆ ಒಳಗೆ ನುಗ್ಗಿದ.

"ಏನ್ ಮೇಷ್ಟ್ರೇ ಇದು? ಮಗು ಅಳ್ತಾ ಇದೆ, ನೀವು ಕಲ್ಲಿನ ಹಾಗೆ ಕೂತಿದ್ದೀರಲ್ಲ! ಯಾವ ಕಾಯಿ ನಡೆಸಬೇಕಿತ್ತು ಅಂತ ಹೇಳಿಬಿಟ್ಟರೆ ನಿಮ್ಮ ಗಂಟು ಹೋಗುತ್ತಾ?"

ಮೇಷ್ಟ್ರು ನಿಧಾನಕ್ಕೆ ಹೇಳಿದರು, "ಸಾಹುಕಾರ್ರೇ, ಮಗು ಅಳ್ತಾ ಇಲ್ಲ. ಹುಡುಕ್ತಾ ಇದೆ. ಇನ್ನೊಂದು ಚೂರು ಹೊತ್ತು ಬಿಡಿ."

ಆ ಚೂರು ಹೊತ್ತು ಬಿಡೋಕೆ ಅವನಿಂದ ಆಗಲಿಲ್ಲ. ಅಷ್ಟೇ ಸ್ವಾಮಿ, ಈ ಕತೆಯಲ್ಲಿ ನಡೆದ ತಪ್ಪು ಅಷ್ಟೇ. ಮೇಷ್ಟ್ರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಮರ್ಯಾದೆಯಿಂದಲೇ ಕಳಿಸಿಕೊಟ್ಟ.

ಆಮೇಲೆ ತಾನೇ ಕೂತ. ಬೀದಿ ಮಕ್ಕಳನ್ನ ಸೋಲಿಸೋವಷ್ಟು ಆಟ ಅವನಿಗೂ ಬರ್ತಿತ್ತು. ಬೀದಿಯ ಮಕ್ಕಳನ್ನ ಕರೆಸಿ ಮಗಳ ಎದುರು ಆಟಕ್ಕೆ ಕೂರಿಸೋದು, ಆ ಮಕ್ಕಳ ಬೆನ್ನ ಹಿಂದೆ ತಾನೊಂದು ಕುರ್ಚಿ ಹಾಕಿಕೊಳ್ಳೋದು. ಮಗಳು ಕುದುರೆಗೆ ಕೈ ಚಾಚಿದರೆ ಇವನು ಹುಬ್ಬು ಗಂಟು ಹಾಕ್ತಿದ್ದ. ಅವಳು ಕೈ ಹಿಂದಕ್ಕೆ ತಗೋತಿದ್ದಳು. ಒಂಟೆ ಕಡೆ ಕೈ ಹೋದರೆ ಇವನ ಮುಖ ಅರಳುತ್ತಿತ್ತು, ಅವಳು ಒಂಟೆ ನಡೆಸ್ತಿದ್ದಳು. ಬಾಯಲ್ಲಿ ಒಂದು ಮಾತಿಲ್ಲ! ಗೆದ್ದಳು. ದಿನಾ ಗೆದ್ದಳು. ಬೀದಿಗೆ ಬೀದಿಯೇ ಹೊಗಳಿತು, "ಏನು ಹುಡುಗಿ ಕಣ್ರೀ, ಎಂಥಾ ತಲೆ!" ಸಾಹುಕಾರ ಉಬ್ಬಿಹೋದ. ನೀವಾಗಿದ್ದರೆ ಉಬ್ಬುತ್ತಿರಲಿಲ್ಲವೇ? ಎದೆ ಮುಟ್ಟಿಕೊಂಡು ಹೇಳಿ.

ಎರಡು ವರ್ಷ ಹೀಗೇ ಹೋಯಿತು. ತಾಲ್ಲೂಕು ಮಟ್ಟದ ಪಂದ್ಯ ಬಂತು. ದೊಡ್ಡ ಹಾಲ್, ಸಾಲಾಗಿ ಮೇಜು, ಪ್ರತಿ ಮೇಜಿಗೂ ಗಡಿಯಾರ, ತನ್ನ ಪಾಲಿನ ಹೊತ್ತು ಮುಗಿದವರು ಸೋತ ಹಾಗೆ. ತಂದೆ ತಾಯಿಯರೆಲ್ಲ ಹೊರಗಿರಬೇಕು ಅಂದರು. ಬಾಗಿಲು ಹಾಕಿದರು.

ಎದುರಿಗೆ ಬಣ್ಣ ಹೋದ ಯೂನಿಫಾರಂ ಹಾಕಿಕೊಂಡ ಒಂದು ಪುಟ್ಟ ಹುಡುಗಿ. ಆ ಹುಡುಗಿಯ ಕಣ್ಣು ಮಣೆ ಬಿಟ್ಟು ಏಳಲೇ ಇಲ್ಲ. ನಮ್ಮ ಹುಡುಗಿ ಕೈ ಎತ್ತಿದಳು, ತಲೆಯನ್ನೂ ಎತ್ತಿದಳು. ಆ ಹುಡುಗಿಯ ಬೆನ್ನ ಹಿಂದೆ ಬರೀ ಗೋಡೆ. ಕೈ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಗೋಡೆ. ಗಡಿಯಾರದಲ್ಲಿದ್ದ ಅಷ್ಟೂ ಹೊತ್ತು ಮುಗಿದಾಗ ಅವಳು ನಡೆಸಿದ್ದು ಆರೇ ಆರು ನಡೆ. ಸೋತಿದ್ದು ಎದುರಾಳಿಗಲ್ಲ ನೋಡಿ, ಗಡಿಯಾರಕ್ಕೆ.

ಹೊರಗೆ ಬಂದಾಗ ಸಾಹುಕಾರ ಗದರಿದ, "ಯಾಕೆ ಆಡಲಿಲ್ಲ? ಎಲ್ಲಾ ಬರುತ್ತಲ್ಲ ನಿನಗೆ!"

ಮಗು ಹೇಳಿತು, "ಅಪ್ಪಾ, ನನಗೆ ಆಟ ಬರಲ್ಲ. ನಿನ್ನ ಮುಖ ನೋಡೋದು ಬರುತ್ತೆ."

ಅವತ್ತೇ ಸಾಯಂಕಾಲ ಅವನು ಮೇಷ್ಟ್ರ ಮನೆಗೆ ಹೋಗಿ ಕೈ ಮುಗಿದ. ಮೇಷ್ಟ್ರು ದೊಡ್ಡ ಮನುಷ್ಯರು, ಬಂದರು. ಆದರೆ ಈಗ ಮಗು ಒಂದೊಂದು ನಡೆಗೂ "ಇದಾ ಮೇಷ್ಟ್ರೇ? ಅದಾ ಮೇಷ್ಟ್ರೇ?" ಅಂತ ಅವರ ಮುಖ ಹುಡುಕೋದು. ಅವರು ಸುಮ್ಮನಿದ್ದರೆ ಇದೂ ಸುಮ್ಮನೇ. ಒಂದು ತಿಂಗಳಾದ ಮೇಲೆ ಅವಳೇ ಮಣೆ ಮಡಚಿಟ್ಟಳು. "ಬೇಡ ಅಪ್ಪಾ, ಭಯ ಆಗುತ್ತೆ," ಅಂದಳು. ಸಾಹುಕಾರ ಬಲವಂತ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡ್ತಾನೆ?

ಹೋಗಲಿ, ಒಂದು ಆಟ ತಾನೇ ಅಂದುಕೊಂಡ. ಆಟ ಹೋಯಿತು ಸರಿ, ಅದರ ಜೊತೆಗೆ ಹೋದದ್ದು ಏನು ಅಂತ ಅವನಿಗೆ ತಿಳಿಯೋಕೆ ಹತ್ತು ಹನ್ನೆರಡು ವರ್ಷ ಬೇಕಾಯಿತು. ಹುಡುಗಿ ದೊಡ್ಡವಳಾದಳು. ಕಾಲೇಜಲ್ಲಿ ಯಾವ ವಿಷಯ ತಗೋಬೇಕು ಅಂದರೆ ಅಪ್ಪನ ಮುಖ. ಅಂಗಡಿಯಲ್ಲಿ ಯಾವ ಸೀರೆ ಅಂದರೆ ಅಪ್ಪನ ಮುಖ. ಊರವರು "ಎಂಥಾ ವಿಧೇಯ ಮಗಳು" ಅಂತ ಹೊಗಳಿದರು. ಸಾಹುಕಾರನ ಎದೆ ಮಾತ್ರ ಪ್ರತಿ ಸಲ ಚುರ್ ಅನ್ನುತ್ತಿತ್ತು.

ಕೊನೆಗೆ ಸಂಬಂಧ ಬಂತು. ಹುಡುಗ ಬಂದ, ನೋಡಿದ, ಕಾಫಿ ಕುಡಿದು ಹೋದ. ಸಾಹುಕಾರ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ, "ನಿನಗೆ ಒಪ್ಪಿಗೆನೇನಮ್ಮ? ಇದೊಂದನ್ನಾದರೂ ನೀನೇ ಹೇಳಬೇಕು."

ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

ಅವನು ಮುಖ ತಿರುಗಿಸಿಕೊಂಡ. ಅವಳಿಗೆ ಏನೂ ಕಾಣಬಾರದು ಅಂತ ಗೋಡೆ ಕಡೆ ತಿರುಗಿ ಕೂತ. ಅವಳು ಕಾದಳು. ಏನೂ ಹೇಳದೆ, ಏನೂ ಯೋಚಿಸದೆ, ಅಪ್ಪ ಯಾವಾಗ ಈ ಕಡೆ ತಿರುಗ್ತಾನೆ ಅಂತ ಕಾದಳು. ಅವನು ತಿರುಗಲಿಲ್ಲ, ಯಾಕಂದರೆ ಅವನು ಅಳ್ತಾ ಇದ್ದ. ಮೇಷ್ಟ್ರು ಕೇಳಿದ್ದು ಒಂದು ಚೂರು ಹೊತ್ತು. ಅಷ್ಟನ್ನ ಕೊಡದೆ ಮಗುವಿನ ಇಡೀ ಬಾಳನ್ನೇ ಕಿತ್ತುಕೊಂಡೆನಲ್ಲಾ ಅಂತ ಅಳ್ತಾ ಇದ್ದ.

ತಾಯಂದಿರೇ, ಅಣ್ಣಂದಿರೇ, ಯಾಕೆ ತಲೆ ತಗ್ಗಿಸಿದಿರಿ? ಮಗುವಿನ ಸ್ಕೂಲ್ ಪ್ರಾಜೆಕ್ಟಿಗೆ ನೀವೇ ಚಿತ್ರ ಅಂಟಿಸಿದ ಗೋಂದು ಎಷ್ಟು ಜನರ ಬೆರಳಲ್ಲಿ ಇನ್ನೂ ಒಣಗಿಲ್ಲ? ಚದುರಂಗ ಕಲಿಸಿ, ಖಂಡಿತ ಕಲಿಸಿ. ಅದು ಕೊಡೋ ವಿದ್ಯೆ ಗೆಲ್ಲೋದಲ್ಲ. ತಪ್ಪು ನಡೆ ನಡೆಸಿ, ಅದು ತನ್ನದೇ ಅಂತ ಒಪ್ಪಿಕೊಂಡು, ಮತ್ತೆ ಮಣೆ ನೋಡೋದಿದೆಯಲ್ಲ, ಅದು. ನಾವು ಆ ವಿದ್ಯೆಯನ್ನೇ ಕಿತ್ತುಕೊಂಡು ಕೈಗೆ ಬಹುಮಾನದ ಕಪ್ ಕೊಡ್ತೀವಿ.

ಇವತ್ತು ಮನೆಗೆ ಹೋಗಿ ಇಷ್ಟು ಮಾಡಿ. ಮಗು ಆಟಕ್ಕೆ ಕೂತರೆ ನಿಮ್ಮ ಕುರ್ಚಿಯನ್ನ ಅದರ ಬೆನ್ನ ಹಿಂದೆ ಹಾಕಿಕೊಳ್ಳಿ. ಸೋತರೆ ಓಡಿಹೋಗಿ ಸಮಾಧಾನ ಮಾಡಬೇಡಿ, ಕೂತು ಹುಡುಕಲಿ ಬಿಡಿ. ನಾಳೆ ಬೆಳಿಗ್ಗೆ ಅದು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದು "ಇದು ಸರೀನಾಮ್ಮ?" ಅನ್ನುತ್ತೆ. ಉತ್ತರ ನಿಮ್ಮ ನಾಲಿಗೆ ತುದಿಗೆ ಬಂದಿರುತ್ತೆ. ನುಂಗಿಕೊಳ್ಳಿ. "ನಿನಗೇನು ಅನ್ನಿಸುತ್ತೆ ಮಗಾ?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಸ್ಕೂಲ್ ಬಸ್ಸು ಹೋದರೆ ಹೋಗಲಿ, ಸುಮ್ಮನಿರಿ.