ಕವಲಿನಲ್ಲಿಟ್ಟ ಹೊಂಗೆ ಕೊಂಬೆ

ಹೇಳಿಕೆ ನೀಡುವವರು: ಶೃತಿ, ಗಂಡನ ಹೆಸರು ದೀಪಕ್. ವಯಸ್ಸು: 31 ವರ್ಷ. ಉದ್ಯೋಗ: ಜಯನಗರ 4ನೇ ಬ್ಲಾಕಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ವಾಸ: ಅತ್ತೆ ಲಕ್ಷ್ಮಿದೇವಮ್ಮನವರ ಮನೆಯ ಎರಡನೇ ಮಹಡಿ, ವಸಂತಪುರ, ಬೆಂಗಳೂರು.

ನಾನು ಸ್ವಇಚ್ಛೆಯಿಂದ ತಿಳಿಸುವ ಸಂಗತಿ ಏನೆಂದರೆ, ನನ್ನ ಗಂಡ ದೀಪಕ್, 34 ವರ್ಷ, ಇಂದು 11-10-2025, ಶನಿವಾರ ಬೆಳಿಗ್ಗೆ 11.38ರ ನಂತರ ಕಾಣೆಯಾಗಿದ್ದಾರೆ. ಅವರಿಗೆ ಈಜು ಬರುವುದಿಲ್ಲ.

ನಾವಿಬ್ಬರೂ ಮೂರು ದಿನದ ಪ್ರವಾಸಕ್ಕೆಂದು ನಿನ್ನೆ ಬೆಳಿಗ್ಗೆ 5.50ಕ್ಕೆ ಮನೆಯಿಂದ ಸೈಕಲ್ಲಿನಲ್ಲಿ ಹೊರಟೆವು. ಟೆಂಟ್ ಅವರ ಸೈಕಲ್ಲಿನಲ್ಲಿತ್ತು. ಸ್ಟೌ ಮತ್ತು ಪಾತ್ರೆ ನನ್ನದರಲ್ಲಿದ್ದವು. ಮೋಡ ಕಟ್ಟಿಕೊಂಡಿದೆ, ಹೋಗಬೇಡಿ ಎಂದು ನನ್ನ ಅತ್ತೆ ಗೇಟಿನವರೆಗೂ ಬಂದು ಹೇಳಿದರು. ನಾವೇನ್ ಉಪ್ಪಿನ ಮೂಟೆನಾ ಕರಗೋಕೆ, ಒಳಗೆ ಹೋಗಮ್ಮ ಎಂದು ನನ್ನ ಗಂಡ ನಕ್ಕರು. ನಿನ್ನೆ ರಾತ್ರಿ ಕನಕಪುರ ರಸ್ತೆಯಿಂದ ಒಳಗೆ ಒಬ್ಬರ ತೆಂಗಿನ ತೋಟದಲ್ಲಿ ಅನುಮತಿ ಪಡೆದು ತಂಗಿದೆವು.

ನಮ್ಮ ಪ್ರವಾಸಗಳಲ್ಲಿ ನಾಲ್ಕು ವರ್ಷದಿಂದ ಒಂದು ಪದ್ಧತಿ ಇದೆ. ದಾರಿ ಗೊತ್ತಿರುವುದು ನನಗೆ, ಆದ್ದರಿಂದ ಮುಂದೆ ಹೋಗುವುದು ನಾನು. ಅವರಿಗೆ ಮಂಡಿ ನೋವಿರುವುದರಿಂದ ಹತ್ತು ಹದಿನೈದು ನಿಮಿಷ ಹಿಂದೆ ಬರುತ್ತಾರೆ. ದಾರಿ ಕವಲೊಡೆದ ಕಡೆ, ನಾನು ಹಿಡಿದ ದಾರಿಯ ಅಂಚಿನಲ್ಲಿ ಸೀಮೆಸುಣ್ಣದಿಂದ ಬಾಣ ಬರೆಯುತ್ತೇನೆ. ಮಳೆಯಿದ್ದರೆ ಸೊಪ್ಪಿನ ಕೊಂಬೆಗೆ ಕೆಂಪು ರಿಬ್ಬನ್ ಕಟ್ಟಿ ಇಡುತ್ತೇನೆ. ಬೇರೆಯವರು ದಾರಿ ತಪ್ಪಬಾರದೆಂದು ಅವರು ಆ ಕೊಂಬೆಯನ್ನು ಎತ್ತಿಕೊಂಡು ಬರುತ್ತಾರೆ. ಎತ್ತಿಕೊಂಡ ಮೇಲೆ ಎರಡು ಸಲ ಸೀಟಿ ಊದುತ್ತಾರೆ. ಕೇಳಿಸಿದರೆ ನಾನೂ ಎರಡು ಸಲ ಊದುತ್ತೇನೆ. ಸರಿಯಾದ ದಾರಿ, ಬಾ ಎಂದು ಅದರ ಅರ್ಥ.

ಇಂದು ಬೆಳಿಗ್ಗೆ 7.15ರಿಂದ ಮಳೆ ನಿಲ್ಲಲಿಲ್ಲ. 10.10ರ ನಂತರ ಇಬ್ಬರ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. 10.30ಕ್ಕೆ ಒಂದು ಕವಲಿನಲ್ಲಿ ನಾನಿಟ್ಟಿದ್ದ ಕೊಂಬೆ ನೀರಿಗೆ ತೇಲಿ ಚರಂಡಿಗೆ ಹೋಗಿತ್ತು. ಮುಂದಿನ ಅರಳಿಕಟ್ಟೆಯಲ್ಲಿ ಅವರು ಅದನ್ನು ನನ್ನ ಕೈಗೆ ಕೊಟ್ಟು, ಮೇಲೊಂದು ಕಲ್ಲಾದ್ರೂ ಇಡು ಮಾರಾಯ್ತಿ, ಇಲ್ಲಾಂದ್ರೆ ನನ್ನ ತಮಿಳುನಾಡಿಗೆ ಕಳಿಸಿಬಿಡ್ತೀಯ ಎಂದರು. ಮುಂದಿನ ಹಳ್ಳಿ ಗೋಣಿಮರದದೊಡ್ಡಿಯ ಶಾಲೆಯ ಜಗಲಿಯಲ್ಲಿ ಟೀ ಕಾಯಿಸುವುದೆಂದು ಮಾತಾಯಿತು. ನೀನು ನಡಿ, ನೀರು ಕುದಿಯೋ ಹೊತ್ತಿಗೆ ಬರ್ತೀನಿ ಎಂದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

11.25ಕ್ಕೆ ನಾನು ದೊಡ್ಡಿಯ ಹೊರಗಿನ ಕವಲಿಗೆ ಬಂದೆ. ಎಡದ ದಾರಿ ದೊಡ್ಡಿಗೆ ಹೋಗುತ್ತದೆ. ಬಲದ ದಾರಿಯಲ್ಲಿ 600 ಮೀಟರ್ ದೂರದಲ್ಲಿ ಹಳ್ಳದ ಮೇಲೆ ತಗ್ಗು ಸೇತುವೆ ಇರುವುದು ಆಗ ನನಗೆ ತಿಳಿದಿರಲಿಲ್ಲ. ಹೊಂಗೆಯ ಕೊಂಬೆ ಮುರಿದು, ಅದೇ ರಿಬ್ಬನ್ ಕಟ್ಟಿ, ಎಡದ ದಾರಿಯ ಅಂಚಿನಲ್ಲಿಟ್ಟೆ. ಕಲ್ಲು ಇಡಲು ಮರೆತೆ.

400 ಮೀಟರ್ ಮುಂದೆ ನನ್ನ ಸೈಕಲ್ ಚೈನ್ ಬಿತ್ತು. ಅದನ್ನು ಹಾಕುತ್ತಿರುವಾಗ, 11.38ಕ್ಕೆ, ಹಿಂದಿನಿಂದ ಎರಡು ಸಲ ಸೀಟಿ ಕೇಳಿಸಿತು. ನಾನು ಎರಡು ಸಲ ಊದಿದೆ. ಆಮೇಲೆ ಮುಂದೆ ಹೋದೆ.

11.50ಕ್ಕೆ ಶಾಲೆ ತಲುಪಿ ಸ್ಟೌ ಹಚ್ಚಿದೆ. ನೀರು ಕುದಿಯಿತು. 12.20ರವರೆಗೆ ಕಾದು ಸ್ಟೌ ಆರಿಸಿ ಹಿಂತಿರುಗಿದೆ. ಕವಲಿನಲ್ಲಿ ಕೊಂಬೆ ಇರಲಿಲ್ಲ. ಅದು ಇಲ್ಲವೆಂದ ಮೇಲೆ ಅವರು ಎತ್ತಿಕೊಂಡು ಎಡಕ್ಕೇ ಬಂದಿದ್ದಾರೆ ಎಂದು ತಿಳಿದೆ. ಆದ್ದರಿಂದ ಎಡದ ದಾರಿಯನ್ನು, ಅದರ ಪಕ್ಕದ ಕೆರೆಯಂಗಳವನ್ನು, ಎರಡು ತೋಟದ ಮನೆಗಳನ್ನು 2.05ರವರೆಗೆ ಹುಡುಕಿದೆ. ಬಲದ ದಾರಿಯನ್ನು ನಾನು ನೋಡಲೇ ಇಲ್ಲ.

2.05ಕ್ಕೆ ಕವಲಿನ ಬಳಿ ಚಿಕ್ಕಬೈರಪ್ಪ ಎಂಬ, ಸುಮಾರು 70 ವರ್ಷದ ರೈತರು ಸಿಕ್ಕಿದರು. ರೇಷ್ಮೆ ಹುಳುವಿಗೆ ಸೊಪ್ಪು ತರಲು ಹೊರಟಿದ್ದರು. ಸೈಕಲ್ಲಿನವರನ್ನು ಕಂಡಿರಾ ಎಂದು ಕೇಳಿದೆ. ಇಲ್ಲ ಕಣವ್ವ ಎಂದರು. ಇಲ್ಲಿದ್ದ ಕೊಂಬೆ ಎಂದೆ. ಅವರು ಹೇಳಿದ್ದು: ಯಾರೋ ಗೊತ್ತಿಲ್ದೋರು ತಪ್ಪು ದಾರೀಗೆ ಹಾಕಿದ್ರು ಕಣವ್ವ. ಕೆಂಪು ಬಟ್ಟೆ ಬೇರೆ ಕಟ್ಟಿದ್ರು. ಹಳ್ಳ ಬಂದಿರೋದು ಆ ಕಡೆ ಅಲ್ವಾ? ಬೆಳಿಗ್ಗೆ ಹಳ್ಳ ನೋಡ್ಕಂಡು ತೋಟದೊಳಗೆ ಹಾಯ್ದು ಹೋಗ್ತಾ ನಾನೇ ಎಳೆದು ಬಲದ ದಾರೀಗೆ ಅಡ್ಡ ಹಾಕ್ದೆ. ನೀರಿಗೆ ಹೋಗದೆ ಇರ್ಲಿ ಅಂತ ಮೇಲೊಂದು ಕಲ್ಲೂ ಇಟ್ಟೆ.

ಮುಂದೆ ಅಪಾಯವಿದ್ದರೆ ದಾರಿಗೆ ಅಡ್ಡ ಸೊಪ್ಪು ಹಾಕುವುದು ಇಲ್ಲಿಯ ರೂಢಿ. ಕೆಟ್ಟು ನಿಂತ ಲಾರಿಗಳ ಹಿಂದೆ ನಾನೂ ನೋಡಿದ್ದೇನೆ. ಕೊಂಬೆ ಇಡುವಾಗ ನನಗೆ ನೆನಪಾಗಲಿಲ್ಲ. ಕಲ್ಲನ್ನು ನೋಡಿ ನನ್ನ ಗಂಡ, ಕಲ್ಲಿಡು ಎಂದ ಅವರ ಮಾತನ್ನು ನಾನು ಕೇಳಿದೆ ಎಂದುಕೊಂಡಿರಬೇಕು.

2.15ಕ್ಕೆ ಇಬ್ಬರೂ ಸೇತುವೆಯ ಬಳಿ ಹೋದೆವು. ಕೆಂಪು ನೀರು ಸೇತುವೆಯ ಮೇಲೆ ಮೊಣಕಾಲಿನಷ್ಟು ಹರಿಯುತ್ತಿತ್ತು. ಬೆಳಿಗ್ಗೆ ಪಾದ ಮುಳುಗುವಷ್ಟಿತ್ತೆಂದು ಚಿಕ್ಕಬೈರಪ್ಪನವರು ಹೇಳಿದರು. ಪಾದ ಮುಳುಗುವ ನೀರನ್ನು ನಾನು ದಾಟಿದ್ದೇನೆ ಎಂದು ನಂಬಿದರೆ ನನ್ನ ಗಂಡ ನಿಲ್ಲುವವರಲ್ಲ. ಸೇತುವೆಯಿಂದ 40 ಮೀಟರ್ ಕೆಳಗೆ ಅವರ ಸೈಕಲ್ ಲಕ್ಕಿ ಪೊದೆಗೆ ಸಿಕ್ಕಿಕೊಂಡಿತ್ತು. ಟೆಂಟಿನ ಪಟ್ಟಿಯೊಳಗೆ ಹೊಂಗೆ ಕೊಂಬೆ ಸಿಕ್ಕಿಸಿದಂತೆಯೇ ಇತ್ತು. ರಿಬ್ಬನ್ ಬಿಚ್ಚಿರಲಿಲ್ಲ.

ಚಿಕ್ಕಬೈರಪ್ಪನವರು ದಂಡೆಯಲ್ಲಿ ಕುಳಿತುಬಿಟ್ಟರು. ಜನ ಉಳೀಲಿ ಅಂತ ಹಾಕ್ದೆ ಕಣವ್ವ ಎಂದು ಮೂರು ಸಲ ಹೇಳಿದರು. ಅವರ ಮೇಲೆ ನನ್ನ ದೂರು ಇಲ್ಲ. ಇದನ್ನು ಬಿಡದೆ ಬರೆಯಬೇಕೆಂದು ಕೋರುತ್ತೇನೆ.

ದೊಡ್ಡಿಯವರು ಕರೆ ಮಾಡಿದ ಮೇಲೆ 3.40ಕ್ಕೆ ಪೊಲೀಸರು, 4.05ಕ್ಕೆ ಅಗ್ನಿಶಾಮಕದವರು ಬಂದರು. 4.30ಕ್ಕೆ ದಿಬ್ಬದ ಮೇಲೆ ನನ್ನ ಮೊಬೈಲಿಗೆ ಸಿಗ್ನಲ್ ಸಿಕ್ಕಿ ಅತ್ತೆಯ ಕರೆ ಬಂತು. ಊಟ ಆಯ್ತಾ, ಅವನೆಲ್ಲವ್ನೆ ಎಂದು ಕೇಳಿದರು. ಹಿಂದೆ ಬರ್ತಿದ್ದಾರೆ ಎಂದೆ. ಪಂಚ ಸಾಕ್ಷಿಗಳ ಮುಂದೆ ಸೈಕಲ್, ಟೆಂಟ್ ಮತ್ತು ಕೊಂಬೆಯನ್ನು ಪೊಲೀಸರಿಗೆ ಒಪ್ಪಿಸಿದ್ದೇನೆ. ನನ್ನ ಸೀಟಿಯನ್ನು ಕೊಟ್ಟಿಲ್ಲ. ಅವರ ಸೀಟಿ ಕೊರಳ ದಾರದಲ್ಲಿದೆ. ಊದಿದರೆ ಉತ್ತರ ಕೊಡಲು ನನ್ನದು ಬೇಕು. ಠಾಣೆಗೆ ಬಂದು ಹೇಳಿಕೆ ಕೊಡಲು ಒಪ್ಪದೆ ಇಲ್ಲಿಯೇ ಬರೆಸಿದ್ದಕ್ಕೂ ಅದೇ ಕಾರಣ.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದು, ನನಗೆ ಓದಿ ಹೇಳಿದ್ದಾರೆ. ಓದುವಾಗ ಎರಡು ಸಲ ನಿಲ್ಲಿಸಲು ಕೇಳಿಕೊಂಡೆ, ಹಳ್ಳದ ಕಡೆಯಿಂದ ಏನೋ ಕೇಳಿಸಿದಂತಾಗಿ. ಉಳಿದಂತೆ ಎಲ್ಲವೂ ನಿಜ, ಸರಿಯಾಗಿದೆ.

ಸ್ಥಳ: ಗೋಣಿಮರದದೊಡ್ಡಿ ಹಳ್ಳದ ದಂಡೆ
ದಿನಾಂಕ: 11-10-2025, ಸಂಜೆ 5.45
ಸಹಿ: ಶೃತಿ