ತೆರಿ ಸಪ್ಪಳದಾಗ

ಮೂವತ್ತೆಂಟನೆಯ ಇಸವಿ. ಕೊಪ್ಪಳ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ರೈಲ್ವೆ ಗ್ಯಾಂಗ್‌ಮನ್ ಮತ್ತು ಅವನ ಹೆಂಡತಿ ರೊಟ್ಟಿಗಂಟು ಇಟ್ಟುಕೊಂಡು ಕೂತಿದ್ದರು. ವರ್ಷಕ್ಕೊಮ್ಮೆ ಸಿಗುವ ಪುಕ್ಕಟೆ ಪಾಸಿನಲ್ಲಿ ಮರ್ಮಗೋವಾದ ಸಮುದ್ರ ನೋಡಲು ಹೊರಟಿದ್ದರು.

“ಅಲ್ಲಿ ಹೋಗಿ ಏನ್ ಮಾಡೂದು?” ಆಕೆ ಗಂಡನನ್ನು ಕೇಳಿದಳು.

“ಉಸುಕಿನ್ಯಾಗ ಅಡ್ಡಾಡೂದು. ಹಡಗ ನೋಡೂದು. ಕಪ್ಪೆಚಿಪ್ಪು ಆರಿಸೂದು.”

“ಆಚೀ ಕಡಿ ಏರಿ ಕಾಣ್ತೈತೇನು?”

“ಅದು ಕೆರಿ ಅಲ್ಲ, ಗಾಳೆಮ್ಮ. ಅದಕ್ಕ ಆಚೀ ದಂಡೀನ ಇಲ್ಲ.”

“ಹೋದಸಲ ಕೆಲಸಕ್ಕ ಹೋದಾಗ ನೀರಾಗ ಇಳಿದಿದ್ರೇನು?”

“ಇಲ್ಲ. ಒಬ್ಬನ ಏನ್ ಇಳೀಲಿ ಅಂತ ದಂಡಿಮ್ಯಾಲೆ ಕುಂತು ಬಂದೆ.”

ಆಕೆ ಗಂಡನತ್ತ ಸರಿದು ಕೂತಳು. ನಾನು ಪೇಪರು ಓದುವ ನೆಪ ಮಾಡಿದೆ.

“ತೆರಿ ಸಪ್ಪಳ ಭಾಳ ಇರತೈತಿ. ಅಲ್ಲಿ ನೀ ನನ್ನ ಹೆಸರು ಹಿಡಿದು ಕರೀಬೇಕು ನೋಡು.”

“ಅಯ್ಯ, ಮದುವ್ಯಾಗ ಒಡಪು ಹೇಳಿದಾಗ ಒಮ್ಮೆ ಅಂದದ್ದು. ಆಮ್ಯಾಲೆ ನಿಮ್ಮ ಹೆಸರು ಬಾಯಾಗ ತಂದಿಲ್ಲ.”

“ಅಷ್ಟು ಸಪ್ಪಳದಾಗ ಯಾರಿಗೆ ಕೇಳ್ತೈತಿ?”

“ಮತ್ತ ನಿಮಗರ ಹೆಂಗ ಕೇಳ್ತೈತಿ?”

“ನನಗ ಕೇಳ್ತೈತಿ.”

ಗಾಡಿ ದೊಡ್ಡ ಸದ್ದು ಮಾಡುತ್ತ ಬಂದು ನಿಂತಿತು. ಅವನು ಗಂಟು ಹೊತ್ತು ಗದ್ದಲದಲ್ಲಿ ಮುಂದೆ ನುಗ್ಗಿದ. ಹಿಂದೆ ಉಳಿದ ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಏನೋ ಅಂದಳು. ಪಕ್ಕದಲ್ಲೇ ಇದ್ದ ನನಗೆ ಕೇಳಿಸಲಿಲ್ಲ.

ಅವನು ತಿರುಗಿ ನಿಂತ.