ಕೀರ್ತನಾಳ ಉದಾಹರಣೆ

ತೆಲಿಗಿಯಿಂದ ಹರಪನಹಳ್ಳಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಪಿಯುಸಿ ಹುಡುಗಿಯರು ಕುಳಿತಿದ್ದರು. ಹತ್ತು ಗಂಟೆಗೆ ಅವರಿಗೆ ಸಮಾಜಶಾಸ್ತ್ರದ ಪರೀಕ್ಷೆ. ಕೀರ್ತನಾ ಎಂಬವಳ ಮಡಿಲಲ್ಲಿ ಪುಸ್ತಕ ಮುಚ್ಚಿಯೇ ಇತ್ತು.

"ಎಲ್ಲಾ ಮರತೋಗೈತಿ, ತಬಸ್ಸುಮ್."

"ನಿಮ್ಮವ್ವ ತೀರಿಹೋಗಿ ಹದಿನೈದು ದಿನಾತು. ಪುಸ್ತಕ ಮುಟ್ಟೇ ಇಲ್ಲೇನು?"

"ಮುಟ್ಟೀನಿ. ಓದಿದ್ದು ತಲ್ಯಾಗ ನಿಲ್ಲವಲ್ದು. ಅವ್ವ ರೊಟ್ಟಿ ಬಡಿಯೋವಾಗ ಎದುರು ಕುಂತು ಜೋರಾಗಿ ಹೇಳ್ತಿದ್ದೆ. ಸಾಲಿ ಮೆಟ್ಟಿಲು ಹತ್ತದಾಕಿ, ಎಲ್ಲದಕ್ಕೂ 'ನಮ್ಮ ಓಣ್ಯಾಗ ಯಾರಂಗ ಅದು?' ಅಂತಿದ್ಲು. ಒಬ್ರ ಹೆಸರು ಹೇಳಿದ್ರ ನಗತಿದ್ಲು. ಆಮ್ಯಾಲೆ ನನಗ ಅದು ಮರೀತಿರಲಿಲ್ಲ."

"ನನ್ನ ಹೆಸರೂ ಹೇಳಿರ್ತಿ."

"ಸಂಘರ್ಷಕ್ಕ ನೀನ."

ತಬಸ್ಸುಮ್ ಅವಳ ತೋಳಿಗೆ ಮೆಲ್ಲಗೆ ಗುದ್ದಿದಳು.

"ಇವತ್ತು ನನಗ ಹೇಳು. ಪ್ರಾಥಮಿಕ ಸಮೂಹ ಅಂದ್ರ?"

"ಮುಖಾಮುಖಿ ಸಂಬಂಧ, ಆತ್ಮೀಯತೆ ಇರೋ ಸಣ್ಣ ಸಮೂಹ. ಕುಟುಂಬ ಇದ್ದಂಗ."

"ನಿಮ್ಮ ಓಣ್ಯಾಗ ಯಾರಂಗ?"



"ನಮ್ಮನೀನ ಹೇಳ್ತಿದ್ದೆ. ಈಗ ಅಪ್ಪ, ನಾನು ಇಬ್ರ. ಇಬ್ರಿದ್ರೂ ಸಮೂಹ ಅಂತಾರೇನು?"

"ಅಂತಾರ. ಇಬ್ಬರು ಅಥವಾ ಹೆಚ್ಚು ಜನ ಅಂತ ಪುಸ್ತಕದಾಗ ಐತಿ."

"ಖರೇನ?"

"ತಗದು ನೋಡು."

ಕೀರ್ತನಾ ಪುಸ್ತಕ ತೆರೆದು ಹುಡುಕತೊಡಗಿದಳು. ಬಸ್ ನಿಲ್ದಾಣ ಬಂತು. ಸಿಕ್ಕ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಅವಳು ಗೆಳತಿಯ ಹಿಂದೆ ಇಳಿದು ಹೋದಳು.